ಲೈಲ್ ಕಡೆಯಿಂದ ನೋಡಿ

ನಮಸ್ಕಾರ. ಇದು ಕಾರವಾರದ ಟ್ಯಾಗೋರ್ ಬೀಚ್. ಇಳಿತದ ಹೊತ್ತು, ನೀರು ದೂರ ಸರಿದಿದೆ. ಗ್ಲೌಸ್ ಹಾಕಿಕೊಂಡು ಮರಳಲ್ಲಿ ಕುಣಿಯುತ್ತಿರುವವನು ನನ್ನ ಅತ್ತೆಯ ಮಗ.

"ಭಾವಾ, ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಒಂದೇ ಒಂದು ಮ್ಯಾಚ್ ನೋಡೋದಾದ್ರೆ ಯಾವುದು?" ಅಂತ ಕೇಳಿದ. ಮುಹಮ್ಮದ್ ಅಲಿ ಆಡಿದ ಯಾವುದೋ ಒಂದನ್ನು ಹೇಳ್ತೇನೆ ಅಂದುಕೊಂಡಿದ್ದ. ನಾನು ಹೇಳಿದ್ದು ಜಾರ್ಜ್ ಫೋರ್‌ಮನ್ ಮತ್ತು ರಾನ್ ಲೈಲ್. 1976ರ ಜನವರಿ 24, ಲಾಸ್ ವೇಗಸ್.

ವಿಶ್ವ ಚಾಂಪಿಯನ್ ಪಟ್ಟ ಅವತ್ತು ಪಣಕ್ಕಿರಲಿಲ್ಲ. ಅದು ಅಲಿ ಹತ್ತಿರ ಇತ್ತು. 1974ರಲ್ಲಿ ಕಿನ್ಶಾಸಾದಲ್ಲಿ ಅದನ್ನು ಅಲಿಗೆ ಕಳೆದುಕೊಂಡವನು ಫೋರ್‌ಮನ್. 1975ರಲ್ಲಿ ಅದೇ ಪಟ್ಟಕ್ಕಾಗಿ ಅಲಿ ಎದುರು 11ನೇ ರೌಂಡ್‌ವರೆಗೆ ಗಟ್ಟಿಯಾಗಿ ನಿಂತು ಸೋತವನು ಲೈಲ್.

ಎಲ್ಲರೂ ಇದನ್ನು ಫೋರ್‌ಮನ್ ಕಥೆಯಾಗಿಯೇ ಹೇಳುತ್ತಾರೆ. ನನಗೆ ಲೈಲ್ ಮೇಲೆ ಪ್ರೀತಿ ಜಾಸ್ತಿ. ಕೊಲೆ ಪ್ರಕರಣದಲ್ಲಿ ಏಳು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದವನು. ಅಲ್ಲಿ ಚಾಕು ಇರಿತಕ್ಕೆ ಸಿಕ್ಕಿ ಸಾವಿನ ಬಾಗಿಲಿಗೆ ಹೋಗಿ ಬಂದವನು. ಬಾಕ್ಸಿಂಗ್ ಕಲಿತದ್ದೂ ಅಲ್ಲೇ. ವೃತ್ತಿಪರನಾಗಿ ರಿಂಗ್‌ಗೆ ಇಳಿದಾಗ ಮೂವತ್ತರ ಹತ್ತಿರ. ಆ ವಯಸ್ಸಿನಲ್ಲಿ ಎಷ್ಟೋ ಬಾಕ್ಸರ್‌ಗಳು ಗ್ಲೌಸ್ ಬಿಚ್ಚಿಡುವ ಯೋಚನೆಯಲ್ಲಿರುತ್ತಾರೆ, ಅಲ್ವಾ?

ಈಗ ನಾಲ್ಕನೇ ರೌಂಡ್‌ಗೆ ಬರೋಣ. ಲೈಲ್ ಹೊಡೆತಕ್ಕೆ ಫೋರ್‌ಮನ್ ನೆಲಕ್ಕೆ ಬಿದ್ದ. ಎದ್ದ. ಎದ್ದವನೇ ಲೈಲ್‌ನನ್ನು ಬೀಳಿಸಿದ. ಲೈಲ್ ಕೂಡ ಎದ್ದ. ರೌಂಡ್ ಮುಗಿಯುವ ಹೊತ್ತಿಗೆ ಫೋರ್‌ಮನ್ ಮತ್ತೆ ನೆಲದ ಮೇಲೆ! ಮೂರೇ ನಿಮಿಷದಲ್ಲಿ ಇಷ್ಟೆಲ್ಲ. ಇಬ್ಬರೂ ನೂರು ಕಿಲೋ ಆಸುಪಾಸಿನ ಆಳುಗಳು.

ಈ ಹಸಿ ಮರಳಲ್ಲಿ ನಿಂತು ಒಂದು ಪಂಚ್ ಹೊಡೆದು ನೋಡಿ. ಕಾಲು ಹೂತರೆ ಕೈಯಲ್ಲಿ ಬಲ ಇರುವುದಿಲ್ಲ. ಪಂಚ್ ಹುಟ್ಟುವುದು ಪಾದದಲ್ಲಿ. ಅಲ್ಲಿಂದ ಸೊಂಟ, ಭುಜ, ಆಮೇಲೆ ಮುಷ್ಟಿ. ಐದನೇ ರೌಂಡ್‌ನಲ್ಲಿ ಇಬ್ಬರ ಕಾಲೂ ಸೋತಿದ್ದವು. ಲೈಲ್ ಆಗಲೂ ಹೊಡೆಯುತ್ತಲೇ ಇದ್ದ, ಫೋರ್‌ಮನ್ ಅಲುಗಾಡಿದ. ಆದರೆ ಕೊನೆಗೆ ಮೂಲೆಗೆ ಸಿಕ್ಕಿದ್ದು ಲೈಲ್. ಅಲ್ಲಿ ಬಿದ್ದ ಹೊಡೆತಗಳಿಗೆ ಲೆಕ್ಕವೇ ಇಲ್ಲ. ಕೈ ಇಳಿಯಿತು, ಮುಂದಕ್ಕೆ ಕುಸಿದ. ರೆಫರಿ ಹತ್ತು ಎಣಿಸುವಷ್ಟರಲ್ಲಿ ಏಳಲಾಗಲಿಲ್ಲ.

ಫೋರ್‌ಮನ್ ಆಮೇಲೆ 1994ರಲ್ಲಿ, 45ನೇ ವಯಸ್ಸಿನಲ್ಲಿ, ಮತ್ತೆ ವಿಶ್ವ ಚಾಂಪಿಯನ್ ಆದ. ಲೈಲ್‌ಗೆ ವಿಶ್ವ ಪಟ್ಟಕ್ಕಾಗಿ ಆಡುವ ಇನ್ನೊಂದು ಅವಕಾಶ ಸಿಗಲೇ ಇಲ್ಲ. ನನಗೆ ಇವತ್ತಿಗೂ ಅದು ಸಂಕಟ.

ಈ ಮ್ಯಾಚ್ ನೋಡುವುದಾದರೆ ನೇರ ನಾಲ್ಕನೇ ರೌಂಡ್‌ಗೆ ಹಾರಬೇಡಿ. ಮೊದಲ ರೌಂಡ್‌ನಿಂದಲೇ ನೋಡಿ. ಫೋರ್‌ಮನ್‌ನನ್ನು ಅಲುಗಾಡಿಸಬಹುದು ಅಂತ ಲೈಲ್‌ನ ಬಲಗೈ ಅಲ್ಲೇ ತೋರಿಸಿಬಿಟ್ಟಿತ್ತು.