ಎತ್ತು ಯಾಕೆ ಮಲಗಿತು?

(ಮಂಡ್ಯದಲ್ಲಿ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ಆಹ್ವಾನಪತ್ರಿಕೆಯಲ್ಲಿ ‘ವರ್ತನಾ ವಿಶ್ಲೇಷಣೆ: ಮೂಲ ಪರಿಕಲ್ಪನೆಗಳು ಮತ್ತು ಪಾರಿಭಾಷಿಕ ಪದಗಳು’ ಅಂತ ಅಚ್ಚು ಹಾಕಿಸಿದ್ದಾರೆ. ಓದಿ ನನಗೇ ಆಕಳಿಕೆ ಬಂತು. ಅಷ್ಟಾದರೂ ಭಾನುವಾರ ಬಿಟ್ಟು ಬಂದಿದ್ದೀರಲ್ಲ, ನೀವು ದೊಡ್ಡವರು. ಇಲ್ಲಿ ಮುಕ್ಕಾಲು ಪಾಲು ಜನ ಬಿ.ಎಡ್. ಮಾಡಿದವರು. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ, ಕಲಿಕೆಯ ಪ್ರಯೋಗಗಳ ಆ ಮೃಗಾಲಯವನ್ನೆಲ್ಲ ಪರೀಕ್ಷೆಗೆ ಉರು ಹೊಡೆದಿದ್ದೀರಿ. ಅದನ್ನು ಮತ್ತೆ ಸುತ್ತಿಸೋದಿಲ್ಲ. ನಾನು ಎತ್ತಿನಿಂದ ಶುರು ಮಾಡ್ತೀನಿ.

ಅದಕ್ಕೂ ಮೊದಲು ಒಂದು ಡೈರಿಯ ಸಮಾಚಾರ. ಯಾವ ಶಾಲೆ, ಯಾವ ಮಗು ಅನ್ನೋದು ಬೇಡ. ತಾಯಿಯೊಬ್ಬರು ತಂದು ತೋರಿಸಿದರು. ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಹುಡುಗ ಹಠಮಾರಿ, ಆದ್ದರಿಂದ ತರಗತಿಯಲ್ಲಿ ಕಿರುಚುತ್ತಾನೆ.’ ಹಠಮಾರಿ ಅಂತ ಹೇಗೆ ಗೊತ್ತಾಯ್ತು? ಕಿರುಚುತ್ತಾನಲ್ಲ! ಯಾಕೆ ಕಿರುಚುತ್ತಾನೆ? ಹಠಮಾರಿಯಲ್ಲವೇ! ಇದು ಗಾಣದೆತ್ತಿನ ಸುತ್ತು. ಹೆಸರಿಟ್ಟ ಮಾತ್ರಕ್ಕೆ ಕಾರಣ ಸಿಕ್ಕಿದ ಹಾಗಲ್ಲ. ಈ ಶಾಸ್ತ್ರ ಕೇಳೋ ಪ್ರಶ್ನೆ ಬೇರೆ. ಅವನು ಕಿರುಚಿದ ಕೂಡಲೇ ಏನಾಯ್ತು?

ಈಗ ಎತ್ತು. ನಮ್ಮ ತಾತನ ಹತ್ತಿರ ಒಂದು ಜೊತೆ ಹಳ್ಳಿಕಾರ್ ಎತ್ತಿದ್ದವು. ಬಲಗಡೆ ಕಟ್ಟುತ್ತಿದ್ದದ್ದು ಕರಿಯ. ಕಬ್ಬು ಕಡಿಯೋ ಕಾಲದಲ್ಲಿ ಗದ್ದೆಯಿಂದ ಆಲೆಮನೆಗೆ ಹೊರೆ. ನಡುವೆ ಕೆರೆ ಏರಿ ಹತ್ತಬೇಕು. ಒಂದು ದಿನ ಅರ್ಧ ಏರಿಯಲ್ಲಿ ಕರಿಯ ಮಂಡಿ ಊರಿ ಮಲಗಿಬಿಟ್ಟ. ಗಾಡಿ ತುಂಬ ಕಬ್ಬು, ಹಿಂದೆ ಇನ್ನೂ ನಾಲ್ಕು ಗಾಡಿ, ಎಲ್ಲರೂ ಕೂಗಾಟ. ತಾತ ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟು, “ಬುಡ್ರಲಾ, ಉಸ್ರು ಕಟ್ಟೋಯ್ತದೆ” ಅಂತ ಕೊರಳ ಹಗ್ಗ ಬಿಚ್ಚಿ ನೊಗ ಇಳಿಸಿದ. ಕರಿಯ ರಸ್ತೆಯಲ್ಲೇ ಮೆಲುಕು ಹಾಕ್ತಾ ಕೂತ. ತಾತನಿಗೆ ಕರುಳು ಚುರ್ ಅಂದು ಒಂದು ಹಿಡಿ ಸೋಗೆಯನ್ನೂ ಮುಂದಿಟ್ಟ.

ಮೂರು ದಿನ ಕಳೀತು. ಅದೇ ಜಾಗ, ಅದೇ ಮಂಡಿ. ವಾರ ಕಳೆಯೋ ಹೊತ್ತಿಗೆ ಏರಿ ಕಣ್ಣಿಗೆ ಬಿದ್ದರೆ ಸಾಕು, ಕರಿಯ ಕೆಳಗೇ ಮಲಗೋದು. ಮೈಗಳ್ಳ ಅಂದರು. ದೃಷ್ಟಿಯಾಗಿದೆ ಅಂತ ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಮನೆಯವರೆಲ್ಲ ಕೆಮ್ಮಿದರು, ಕರಿಯ ಮಲಗೇ ಮಲಗಿದ. ಬಾಲ ತಿರುಚಿದರು. ಎರಡು ದಿನ ಎದ್ದ, ಮೂರನೇ ದಿನ ಅದಕ್ಕೂ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಕೂತು ಉರಿ ಹಾಕುತ್ತಿದ್ದ ಮುದುಕನೊಬ್ಬ ಎದ್ದು ಬಂದ. ಮೊದಲು ನೊಗ ತಗುಲೋ ಜಾಗ ಮುಟ್ಟಿ ನೋಡಿದ. ಹೆಗಲು ಹುಣ್ಣಾಗಿತ್ತು. ಯಾರೂ ನೋಡಿರಲಿಲ್ಲ! ಆಮೇಲೆ ಒಂದೇ ಮಾತು: “ಮಲಗಿದ್ ಮ್ಯಾಲೆ ಯಾಕಪ್ಪ ಬುಟ್ಟೀಯೆ? ಮಲಗಕ್ ಮುಂಚೇನೇ ಬುಡು.”

ಹುಣ್ಣಿಗೆ ಅರಿಶಿನ ಎಣ್ಣೆ ಹಚ್ಚಿದರು, ಹೊರೆ ಕಡಿಮೆ ಮಾಡಿದರು. ಏರಿಗೆ ಮುಂಚೆ ಒಂದು ಹುಣಸೆಮರ, ಅಲ್ಲಿ ಕರಿಯ ನಿಂತಿರುವಾಗಲೇ ನೊಗ ಇಳಿಸಿ ಐದು ನಿಮಿಷ ಬಿಡೋದು. ಮುಂದಿನ ವಾರ ಮರ ದಾಟಿ ಅರ್ಧ ಏರಿ, ಅದರ ಮುಂದಿನ ವಾರ ಏರಿಯ ಮೇಲೆ. ಆ ಹಂಗಾಮು ಮುಗಿಯೋದರೊಳಗೆ ಕರಿಯ ಮಲಗೋದು ಬಿಟ್ಟಿದ್ದ. ಆ ಮುದುಕ ಸಹಿ ಹಾಕೋದನ್ನೂ ಕಲಿತವನಲ್ಲ. ನಾನು ಎಂ.ಎ. ಮುಗಿಸಿ ಎಷ್ಟೋ ವರ್ಷದ ಮೇಲೆ ಅವನ ಮಾತು ನನಗೆ ಅರ್ಥವಾಯ್ತು.

ಮಲಗೋದು ವರ್ತನೆ. ಏರಿ, ಹೊರೆ, ಹೆಗಲ ನೋವು ಇವೆಲ್ಲ ಅದರ ಮುಂಚಿನ ಸನ್ನಿವೇಶ. ನೊಗ ಇಳಿದದ್ದು ಪರಿಣಾಮ. ಭಾರ ಕಳೆದುಹೋಯ್ತು, ಮಲಗೋದು ಹೆಚ್ಚಾಯ್ತು. ಇದಕ್ಕೆ ಋಣಾತ್ಮಕ ಪುನರ್ಬಲನ ಅಂತ ಹೆಸರು.

ಇಲ್ಲಿ ನನ್ನ ಹಳೇ ಜಗಳ ಒಂದಿದೆ, ಕ್ಷಮಿಸಿ. ಉತ್ತರಪತ್ರಿಕೆ ತಿದ್ದುವಾಗ ಹತ್ತರಲ್ಲಿ ಏಳು ಜನ ‘ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ’ ಅಂತ ಬರೆದಿರೋದನ್ನು ನಾನೇ ಕಂಡಿದ್ದೀನಿ. ಅಲ್ಲ ಸ್ವಾಮಿ! ಋಣ ಅಂದರೆ ಕೆಟ್ಟದ್ದಲ್ಲ, ಕಳೆಯೋದು. ಧನ ಅಂದರೆ ಒಳ್ಳೇದಲ್ಲ, ಕೂಡೋದು. ಪುನರ್ಬಲನ ಅಂದರೆ ವರ್ತನೆ ಹೆಚ್ಚಬೇಕು. ದಂಡನೆ ಅಂದರೆ ಕಡಿಮೆಯಾಗಬೇಕು. ಸೋಗೆ ಇಟ್ಟದ್ದರಿಂದ ಮಲಗೋದು ಹೆಚ್ಚಿದರೆ ಅದು ಧನಾತ್ಮಕ ಪುನರ್ಬಲನ. ತಾತ ಪಾಪ ಎರಡೂ ಕೈಯಲ್ಲಿ ಬಲ ಕೊಟ್ಟಿದ್ದ. ಈ ಕೂಡೋ-ಕಳೆಯೋ ಗೊಂದಲ ನಮ್ಮ ಹುಡುಗರದ್ದು ಮಾತ್ರ ಅಲ್ಲ. ಈ ಎರಡು ಬಗೆ ಬೇಕೇ ಬೇಕಾ ಅಂತ ಅಮೆರಿಕದ ವರ್ತನಾ ವಿಶ್ಲೇಷಕ ಜ್ಯಾಕ್ ಮೈಕಲ್ 1975ರಲ್ಲೇ ಒಂದು ಲೇಖನ ಬರೆದು ಕೇಳಿದ್ದರು.

ಹೆಸರಿಡೋದೂ ಒಂದು ವಿದ್ಯೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅನ್ನೋ ಹೆಸರು ದೇಶಕ್ಕೆ ಹೋದದ್ದು ಆ ಮನೆಯಿಂದ. ಅಷ್ಟು ಚೆಂದದ ಪದ ಹೊರಟ ಊರಿನ ಪಕ್ಕದಲ್ಲಿ ಕೂತು ನಾವು ‘ಋಣಾತ್ಮಕ ಪುನರ್ಬಲನ’ ಅಂತ ತೊದಲುತ್ತಿದ್ದೀವಿ. ಇರಲಿ.

ಆ ಡೈರಿಯ ಹುಡುಗನ ಹತ್ತಿರ ಬರೋಣ. ಯಾವಾಗ ಕಿರುಚುತ್ತಾನೆ ಅಂತ ತಾಯಿಯನ್ನು ವಿಚಾರಿಸಿದೆ. ಗಣಿತದ ಪೀರಿಯಡ್ಡಿನಲ್ಲಿ, ಭಾಗಾಕಾರ ಬಂದಾಗ. ಕಿರುಚಿದ ಕೂಡಲೇ ಏನಾಗುತ್ತೆ? ಮೇಷ್ಟ್ರು “ಎದ್ದು ಆಚೆ ಹೋಗು” ಅಂತಾರೆ. ನೊಗ ಇಳೀತು! ಮೇಷ್ಟ್ರು ಅದನ್ನು ಶಿಕ್ಷೆ ಅಂದುಕೊಂಡಿದ್ದಾರೆ. ಹುಡುಗನ ಲೆಕ್ಕದಲ್ಲಿ ಅದು ಹುಣಸೆಮರದ ನೆರಳು. ಶಿಕ್ಷೆಯೋ ಅಲ್ಲವೋ ಅನ್ನೋದು ಕೊಟ್ಟವರ ಮುಖ ನೋಡಿ ತೀರ್ಮಾನವಾಗೋದಲ್ಲ, ಆಮೇಲೆ ಆ ವರ್ತನೆ ಹೆಚ್ಚಿತೋ ಕಡಿಮೆಯಾಯಿತೋ ಅನ್ನೋದರ ಮೇಲೆ. ಹುಡುಗ ಹೋದ ಮೇಲೆ ತರಗತಿ ಶಾಂತ, ಹಾಗಾಗಿ ಮೇಷ್ಟ್ರಿಗೂ ಆಚೆ ಕಳಿಸೋ ಅಭ್ಯಾಸ ಬಲವಾಗುತ್ತೆ. ಹಿಂದಿನ ಗಾಡಿಯವರ ಕೂಗಾಟ ನಿಂತಿತಲ್ಲ, ತಾತನಿಗೂ ಹೀಗೇ ಆಗಿತ್ತು. ಹುಡುಗನ ಹೆಗಲ ಹುಣ್ಣು ಯಾವುದು ಅಂತೀರಾ? ಮಗ್ಗಿ. ಆರರ ಮಗ್ಗಿಯ ಮುಂದೆ ಅವನಿಗೆ ಬರುತ್ತಿರಲಿಲ್ಲ.

ಈಗ ಪಂಪ್‌ಸೆಟ್. ಮಂಡ್ಯದಲ್ಲಿ ನಿಂತು ಪಂಪ್‌ಸೆಟ್ ಬಿಟ್ಟರೆ ನೀವು ನನ್ನನ್ನು ಊರು ದಾಟೋಕೆ ಬಿಡೋದಿಲ್ಲ. ಸ್ಟಾರ್ಟರ್ ಪೆಟ್ಟಿಗೆ, ಹಸಿರು ಗುಂಡಿ, ಮೇಲೆ ಮೂರು ಬಲ್ಬು. ಮೂರೂ ಉರಿದರೆ ತ್ರೀ ಫೇಸ್ ಬಂದಿದೆ, ಒತ್ತಿದರೆ ಮೋಟಾರ್ ಓಡುತ್ತೆ. ಬಲ್ಬು ಉರಿಯದಿದ್ದರೆ ಒತ್ತೋ ಗೋಜಿಗೇ ನಾವು ಹೋಗಲ್ಲ. ಆ ಬಲ್ಬು ‘ಈಗ ಒತ್ತಿದರೆ ಫಲ ಉಂಟು’ ಅಂತ ತಿಳಿಸೋ ವಿಭೇದಕ ಪ್ರಚೋದನೆ. ಆದರೆ ನಿನ್ನೆ ರಾತ್ರಿ ಜಡಿಮಳೆ ಸುರಿದಿದ್ದರೆ? ಮೂರು ಬಲ್ಬೂ ಉರೀತಿರುತ್ತೆ, ಗದ್ದೆ ಕಡೆ ಯಾರೂ ತಿರುಗಿ ನೋಡಲ್ಲ. ಫಲ ಸಿಗುತ್ತೆ, ಆದರೆ ಫಲ ಬೇಕಾಗಿಲ್ಲ. ಸಿಗುತ್ತದೆ ಅನ್ನೋದು ಬೇರೆ, ಬೇಕು ಅನ್ನೋದು ಬೇರೆ. ಈ ಗೆರೆಯನ್ನು ಅದೇ ಮೈಕಲ್ 1982ರಲ್ಲಿ ಬಿಡಿಸಿ ಬರೆದರು. ಊಟ ಆದ ಹತ್ತು ನಿಮಿಷಕ್ಕೆ ಚಾಕೊಲೇಟ್ ತೋರಿಸಿ ಮಗುವಿಗೆ ಕಾಗುಣಿತ ಬರೆಸೋಕೆ ಹೋಗೋ ನನ್ನ ಸಹೋದ್ಯೋಗಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಅದೇ ಪೆಟ್ಟಿಗೆಯಲ್ಲಿ ಇನ್ನೊಂದು. ಬಲ್ಬು ಉರೀತಿದೆ, ಗುಂಡಿ ಒತ್ತಿದಿರಿ, ಮೋಟಾರ್ ಓಡಲಿಲ್ಲ. ತಕ್ಷಣ ಸುಮ್ಮನೆ ಮನೆಗೆ ಬರ್ತೀರಾ? ಮತ್ತೆ ಒತ್ತುತ್ತೀರಿ, ಜೋರಾಗಿ ಒತ್ತುತ್ತೀರಿ, ಪೆಟ್ಟಿಗೆಗೆ ಎರಡು ಗುದ್ದಿ, ವಿದ್ಯುತ್ ಇಲಾಖೆಯವರ ಮನೆತನವನ್ನೆಲ್ಲ ನೆನೆದು, ಆಮೇಲೆ ಬಿಡ್ತೀರಿ. ಸಿಗುತ್ತಿದ್ದ ಫಲ ನಿಂತಾಗ ವರ್ತನೆ ಮೆಲ್ಲಗೆ ಆರಿಹೋಗುತ್ತೆ, ಪುಸ್ತಕದ ಮಾತಲ್ಲಿ ವಿಲೋಪನ. ಆದರೆ ಆರೋ ದೀಪ ಒಮ್ಮೆ ಭುಗಿಲೇಳುತ್ತೆ. ‘ಈವತ್ತಿಂದ ಅತ್ತರೆ ಮೊಬೈಲ್ ಕೊಡಲ್ಲ’ ಅಂತ ಶಪಥ ಮಾಡಿದ ಮನೆಯಲ್ಲಿ ಎರಡನೇ ದಿನ ಅಳು ದುಪ್ಪಟ್ಟಾಗೋದು ಇದಕ್ಕೇ. ಅಷ್ಟು ಹೊತ್ತಿಗೆ ಅಜ್ಜಿ “ಪಾಪ, ಕೊಟ್ಬುಡವ್ವ” ಅಂತಾರೆ. ಅಲ್ಲಿಗೆ ಮಗು ಕಲಿತದ್ದು ದುಪ್ಪಟ್ಟು ಅಳೋದನ್ನು. ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತಲೆ ಚಚ್ಚಿಕೊಳ್ಳೋ, ಕೈ ಕಚ್ಚಿಕೊಳ್ಳೋ ಮಕ್ಕಳ ಮೇಲೆ ಇದನ್ನು ಮನೆಯಲ್ಲಿ ನೀವೇ ಪ್ರಯೋಗ ಮಾಡಬೇಡಿ, ಬಲ್ಲವರ ಹತ್ತಿರ ಹೋಗಿ.

ಸಂಘಟಕರಿಂದ ಚೀಟಿ ಬಂತು. ಇನ್ನು ಹದಿನೈದೇ ನಿಮಿಷ ಅಂತೆ. ಎತ್ತು ಜಾಸ್ತಿ ಹೊತ್ತು ಮಲಗಿತು ಅಂತ ಕಾಣುತ್ತೆ.

ಇನ್ನು ಪುನರ್ಬಲನದ ವೇಳಾಪಟ್ಟಿ, ಅಂದರೆ ಫಲವನ್ನು ಯಾವಾಗ, ಎಷ್ಟು ಸಲಕ್ಕೊಮ್ಮೆ ಕೊಡೋದು ಅನ್ನೋದು. ಸ್ಕಿನ್ನರನ ಪೆಟ್ಟಿಗೆಯಲ್ಲಿ ಇಲಿ ಸನ್ನೆ ಒತ್ತಿದರೆ ಆಹಾರದ ಗುಳಿಗೆ ಬೀಳ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಇಲಿಗಳ ಆಹಾರದ ಗುಳಿಗೆ ಸಾಲೋದಿಲ್ಲ ಅಂತ ಸ್ಕಿನ್ನರ್‌ಗೆ ಕಂಡಿತು. ಉಳಿದ ದಿನವೆಲ್ಲ ಗುಳಿಗೆ ತಯಾರಿಸ್ತಾ ಕೂರೋಕೆ ಮನಸ್ಸಿಲ್ಲ. ಪ್ರತಿ ಸಲ ಕೊಡೋದರ ಬದಲು ನಿಮಿಷಕ್ಕೊಮ್ಮೆ ಕೊಟ್ಟರೆ ಹೇಗೆ? ಇಲಿ ಸನ್ನೆ ಒತ್ತೋದು ಬಿಡಲಿಲ್ಲ. ಫರ್‌ಸ್ಟರ್ ಅನ್ನೋ ಸಹೋದ್ಯೋಗಿ ಜೊತೆ ಸ್ಕಿನ್ನರ್ 1957ರಲ್ಲಿ ಈ ವೇಳಾಪಟ್ಟಿಗಳ ಬಗ್ಗೆ ಬರೆದ ದಪ್ಪ ಪುಸ್ತಕದ ಬೇರು ಆ ಶನಿವಾರದಲ್ಲಿದೆ. ನಮ್ಮ ಅಜ್ಜಿಯರು ಗುಳಿಗೆಯ ಕೊರತೆ ಇಲ್ಲದೆಯೇ ಇದನ್ನು ನಡೆಸ್ತಾರೆ. ನಾಲ್ಕು ಸಲ ಇಲ್ಲ, ಐದನೇ ಸಲ ಮೊಬೈಲು. ಯಾವಾಗಲೋ ಒಮ್ಮೆ ಸಿಗೋದನ್ನು ಬಿಡಿಸೋದು ಪ್ರತಿ ಸಲ ಸಿಗೋದನ್ನು ಬಿಡಿಸೋದಕ್ಕಿಂತ ಕಷ್ಟ.

ಎರಡನೇ ಚೀಟಿ. ರೂಪಿಸುವಿಕೆ ಅಂತ ಒಂದು ಇತ್ತು, ಅಂದರೆ ಹಂತಹಂತವಾಗಿ ಗುರಿಯ ಕಡೆ ಒಯ್ಯೋದು, ಹುಣಸೆಮರದಿಂದ ಏರಿಯ ಮೇಲಿನವರೆಗೆ ಕರಿಯನನ್ನು ಒಯ್ದದ್ದು ಆ ಜಾತಿಯದ್ದೇ. ‘ಸತ್ತವನ ಪರೀಕ್ಷೆ’ ಮಾತ್ರ ಬಿಡಲಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಗ್ಡನ್ ಲಿಂಡ್ಸ್ಲಿ ಕೊಟ್ಟ ಸೂತ್ರ. ಸತ್ತವನೂ ಮಾಡಬಲ್ಲದ್ದು ವರ್ತನೆಯಲ್ಲ. ‘ಮಗು ಸುಮ್ಮನೆ ಕೂತಿರಬೇಕು, ಮಾತಾಡಬಾರದು, ಅಲ್ಲಾಡಬಾರದು’ ಅಂತ ಗುರಿ ಬರೆದು ತರ್ತೀರಲ್ಲ, ಅದರಲ್ಲಿ ಹೆಣಕ್ಕೆ ನೂರಕ್ಕೆ ನೂರು. ಏನು ಮಾಡಬೇಕು ಅಂತ ಬರೀರಿ. ಮಗ್ಗಿ ಗೊತ್ತಾಗದಿದ್ದಾಗ ಕೈ ಎತ್ತಿ ‘ಸಾರ್, ಕಷ್ಟ ಆಗ್ತಿದೆ’ ಅನ್ನಬೇಕು ಅಂತ ಬರೀರಿ. ಅವನು ಹಾಗಂದಾಗ ಒಂದು ನಿಮಿಷ ನೊಗ ಇಳಿಸಿ.

ಇವತ್ತು ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಮೂರು ಕಂಬ ಎಳೀರಿ. ಮುಂಚೆ ಏನಿತ್ತು, ಏನು ಮಾಡಿದ, ಮಾಡಿದ ಕೂಡಲೇ ಏನಾಯ್ತು. ಒಂದು ವಾರ ತುಂಬಿ. ಯಾವ ಕಂಬದಲ್ಲೂ ‘ಹಠ’ ಅನ್ನೋ ಪದ ಬರಕೂಡದು.

ಮೂರನೇ ಚೀಟಿ, ಈ ಸಲ ಕೆಂಪು ಶಾಯಿ. ನಾನು ಮೈಕು ಬಿಟ್ಟರೆ ಚೀಟಿ ಬರೋದು ನಿಲ್ಲುತ್ತೆ, ಮುಂದಿನ ಸಭೆಯಲ್ಲಿ ನಾನು ಬೇಗ ಬಿಡ್ತೀನಿ. ಇದಕ್ಕೆ ಹೆಸರೇನು? ಹಿಂದಿನ ಸಾಲಿನಲ್ಲಿ ನಗ್ತಿದ್ದೀರಲ್ಲ ತಾಯಿ, ನೀವೇ ಹೇಳಿ. ‘ಶಿಕ್ಷೆ’ ಅಂದರೆ ಮಾತ್ರ ಇನ್ನೂ ಅರ್ಧ ಗಂಟೆ ಇಲ್ಲೇ ನಿಂತಿರ್ತೀನಿ.