ಖಾಲಿ ಅಂದವರ ಮಾತು ನಂಬಬೇಡಿ

ಕೇಳುಗರಿಗೆ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ 'ಆತ್ಮರಕ್ಷಣೆಗೆ ಬಂದೂಕು ಬೇಕೇ' ಅಂತ. ಸಮಯ ಉಳಿದರೆ ಅದಕ್ಕೂ ಬರುತ್ತೇನೆ. ಮೊದಲು ಒಂದು ಮಾತು. ಇವತ್ತು ಬೇರೇನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ: ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ.

ಪಿಸ್ತೂಲಿನ ಹಿಡಿಯೊಳಗೆ ಉದ್ದನೆಯ ಡಬ್ಬಿಯಂಥದ್ದು ಕೂತಿರುತ್ತದೆ, ಅದರಲ್ಲಿ ಗುಂಡುಗಳು ಒಂದರ ಮೇಲೊಂದು. ಅದೇ ಮ್ಯಾಗಜಿನ್. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಭಾಗವಿದೆ, ಅದೇ ಸ್ಲೈಡ್. ಅದನ್ನು ಹಿಂದಕ್ಕೆ ಎಳೆದು ಬಿಟ್ಟರೆ, ಅದು ಮುಂದೆ ಬರುವಾಗ ಒಂದು ಗುಂಡನ್ನು ತಳ್ಳಿಕೊಂಡು ಹೋಗಿ ನಳಿಗೆಯ ಬುಡದಲ್ಲಿ ಕೂರಿಸುತ್ತದೆ. ಆ ಜಾಗಕ್ಕೆ ಚೇಂಬರ್ ಅನ್ನುತ್ತೇವೆ. ಈಗ ಮ್ಯಾಗಜಿನ್ ಕಿತ್ತು ಮೇಜಿನ ಮೇಲಿಟ್ಟಿರಿ. ಚೇಂಬರಿನ ಗುಂಡು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಟ್ರಿಗರ್ ಒತ್ತಿದರೆ ಬಹಳಷ್ಟು ಪಿಸ್ತೂಲುಗಳಲ್ಲಿ ಅದು ಹಾರಿಯೇ ಹಾರುತ್ತದೆ.

ನಾನು ಶೂಟಿಂಗ್ ಕಲಿಸುತ್ತಿದ್ದಾಗ ಒಬ್ಬರು ಬಂದರು. ಮಧ್ಯವಯಸ್ಸು, ಕೈಯಲ್ಲಿ ಲೈಸೆನ್ಸು, ಮುಖದಲ್ಲಿ 'ನಂಗೆ ನೀನೇನು ಕಲಿಸ್ತೀಯ' ಅನ್ನುವ ಭಾವ. ಪಿಸ್ತೂಲು ಖಾಲಿ ಮಾಡಿ ತೋರಿಸಿ ಅಂದೆ. ಅವರು ಟಕ್ಕಂತ ಸ್ಲೈಡ್ ಎಳೆದರು, ಒಳಗಿದ್ದ ಗುಂಡು ಹೊರಗೆ ಚಿಮ್ಮಿತು, ಅದನ್ನು ಗಾಳಿಯಲ್ಲೇ ಹಿಡಿದರು. ನಿಜ ಹೇಳಬೇಕೆಂದರೆ ನೋಡೋಕೆ ಚೆನ್ನಾಗಿತ್ತು. ಆಮೇಲೆ ಮ್ಯಾಗಜಿನ್ ತೆಗೆದು ಪಿಸ್ತೂಲನ್ನು ನನ್ನ ಕಡೆಗೇ ಚಾಚಿದರು. "ತಗೊಳ್ಳಿ ಸಾರ್, ಖಾಲಿ."

ನಾನು ತಗೊಳ್ಳಲಿಲ್ಲ. ನಳಿಗೆಯನ್ನು ಮರಳಿನ ದಿಬ್ಬದ ಕಡೆ ತಿರುಗಿಸಿ, ಇನ್ನೊಂದ್ಸಲ ಸ್ಲೈಡ್ ಎಳೆಯಿರಿ ಅಂದೆ. "ಈಗ ತಾನೇ ನೋಡಿದ್ರಲ್ಲ ಸಾರ್?" ಎಳೆಯಿರಿ ಸ್ವಾಮಿ. ಬೇಜಾರಿನಿಂದಲೇ ಎಳೆದರು. ಠಣ್ ಅಂತ ಎರಡನೇ ಗುಂಡು ನೆಲಕ್ಕೆ ಬಿತ್ತು. ಅವರು ನೆಲದ ಗುಂಡು ನೋಡಿದರು, ಕೈಯಲ್ಲಿದ್ದ ಗುಂಡು ನೋಡಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ ಅಂದರು, "ಆರು ವರ್ಷದಿಂದ ಹೀಗೇ ಮಾಡಿ ದಿಂಬಿನ ಕೆಳಗೆ ಇಡ್ತಿದ್ದೀನಲ್ಲ ಸಾರ್."

ಆಗಿದ್ದು ಇಷ್ಟೇ. ಮ್ಯಾಗಜಿನ್ ಇನ್ನೂ ಒಳಗಿದ್ದಾಗಲೇ ಸ್ಲೈಡ್ ಎಳೆದರು. ಒಂದು ಗುಂಡು ಹೊರಗೆ ಬಂತು, ಇನ್ನೊಂದು ಒಳಗೆ ಹೋಗಿ ಕೂತಿತು. ಅದಕ್ಕೇ ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್. ಸ್ಲೈಡನ್ನು ಹಿಂದಕ್ಕೇ ನಿಲ್ಲಿಸಿ ಚೇಂಬರನ್ನು ಕಣ್ಣಿಂದ ನೋಡಿ, ಬೆರಳು ಹಾಕಿ ಮುಟ್ಟಿ. ಇನ್ನೊಬ್ಬರು ಕೊಟ್ಟರೆ ಮತ್ತೆ ನೋಡಿ. ಅವರೇ ಈಗ ನೋಡಿದ್ದರೂ ನೀವು ನೋಡಿ. ಇದರಲ್ಲಿ ಯಾವ ಅವಮಾನವೂ ಇಲ್ಲ, ನೋಡದೆ ತಗೊಳ್ಳುವವರನ್ನು ಕಂಡರೇ ನನಗೆ ಸಿಟ್ಟು.

ಅಯ್ಯೋ, ಕಥೆಯಲ್ಲೇ ಸಮಯ ಹೋಯಿತು. ಒಳಗಿಂದ ಕೈ ತೋರಿಸುತ್ತಿದ್ದಾರೆ.

ವಾದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಮನೆಯ ಬಂದೂಕಿಗೆ ಗುಂಡು ತುಂಬಿರಬಾರದು, ಅದು ಬಿಚ್ಚಿಟ್ಟಿರಬೇಕು, ಇಲ್ಲವೇ ಟ್ರಿಗರಿಗೆ ಬೀಗ ಇರಬೇಕು ಅಂತ ಕಾನೂನಿತ್ತು. 2008ರಲ್ಲಿ ಹೆಲರ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, ಬೀಗ ಬಿದ್ದ ಬಂದೂಕು ಆತ್ಮರಕ್ಷಣೆಗೆ ಬರುವುದಿಲ್ಲ ಅಂತ. ಇನ್ನೊಂದು ಕಡೆ, 1993ರಲ್ಲಿ ಕೆಲರ್‌ಮನ್ ಅನ್ನುವ ವೈದ್ಯರ ತಂಡ, ಬಂದೂಕು ಇರುವ ಮನೆಯಲ್ಲಿ ಕೊಲೆಯಾಗುವ ಅಪಾಯ 2.7 ಪಟ್ಟು ಅಂತ ಲೆಕ್ಕ ಕೊಟ್ಟಿತು. ಎರಡೂ ಕಡೆಯವರು ಇವತ್ತಿಗೂ ಇದನ್ನೇ ಹಿಡಿದು ಜಗಳ ಆಡುತ್ತಾರೆ. ಆಡಲಿ ಬಿಡಿ. ಅವರಲ್ಲಿ ಎಷ್ಟು ಜನ ಚೇಂಬರ್ ನೋಡಿದ್ದಾರೆ ಅಂತ ನನಗೆ ಅನುಮಾನ.

ನೀವು ಬಂದೂಕು ಇಟ್ಟುಕೊಂಡಿದ್ದರೆ ಅದನ್ನು ಒಂದು ಕಡೆ, ಗುಂಡನ್ನು ಇನ್ನೊಂದು ಕಡೆ ಬೀಗ ಹಾಕಿ ಇಡಿ. ಕೀಲಿ ಎಲ್ಲಿಡಬೇಕು ಅಂತ ತುಂಬ ಜನ ಕೇಳುತ್ತಾರೆ. ಎಲ್ಲಾದರೂ ಇಡಿ, ಬೀರುವಿನ ಮೇಲೆ ಮಾತ್ರ ಬೇಡ, ಆ ಜಾಗ ಮಕ್ಕಳಿಗೆ ನಿಮಗಿಂತ ಮುಂಚೆ ಗೊತ್ತಿರುತ್ತದೆ. ನಮಸ್ಕಾರ.