ಸೂರಕ್ಕಿಯ ಕೊರಳಿನ ಬಣ್ಣ

ಕೇಳುಗರಿಗೆ ನಮಸ್ಕಾರ. ಬಣ್ಣದ ಹಕ್ಕಿಯೊಂದನ್ನು ಬಾನುಲಿಯಲ್ಲಿ ಮಾತಿನಿಂದಲೇ ಕಾಣಿಸಬೇಕಾಗಿದೆ. ಆದರೆ ಸೂರಕ್ಕಿಯನ್ನು ನೀವೆಲ್ಲ ದಾಸವಾಳದ ಗಿಡದಲ್ಲಿ ನೋಡಿಯೇ ಇರುತ್ತೀರಿ. ಕೊಕ್ಕಿನಿಂದ ಬಾಲದವರೆಗೆ ಸುಮಾರು 10 ಸೆಂಟಿಮೀಟರು, ತೂಕ 10 ಗ್ರಾಮಿಗೂ ಕಡಿಮೆ. ನಾನು ಹೇಳುತ್ತಿರುವ ಜಾತಿಯ ಗಂಡಿನ ನೆತ್ತಿ ಹೊಳೆಯುವ ಹಸುರು, ಬೆನ್ನು ಕಡುಗೆಂಪು, ಕೊರಳು ಮತ್ತು ಸೊಂಟ ನೇರಳೆ, ಹೊಟ್ಟೆ ಹಳದಿ.

ಮೊದಲ ತಿಂಗಳು ತೆಗೆದ ಚಿತ್ರಗಳಲ್ಲೆಲ್ಲ ಆ ನೇರಳೆ ಕೊರಳು ಇದ್ದಿಲಿನಂತೆ ಕಪ್ಪಾಗಿ ಬಂದಾಗ ನಾನು ಕ್ಯಾಮೆರಾವನ್ನು ಬೈದುಕೊಂಡೆ. ತಪ್ಪು ನನ್ನದೇ. ಹೊಟ್ಟೆಯ ಹಳದಿ ಗರಿಯೊಳಗಿನ ವರ್ಣದ್ರವ್ಯದ್ದಾದ್ದರಿಂದ ಎತ್ತಲಿಂದ ನೋಡಿದರೂ ಹಳದಿಯೇ. ಕೊರಳಿನ ಹೊಳಪಾದರೋ ಗರಿಯ ಎಳೆಗಳಲ್ಲಿರುವ ಅತಿ ತೆಳುವಾದ ಪದರಗಳಿಗೆ ಬಿದ್ದ ಬೆಳಕು ಮರಳುವಾಗ ಹುಟ್ಟುವಂಥದ್ದು, ಕೋನ ತಪ್ಪಿದರೆ ಅದು ಇಲ್ಲವೇ ಇಲ್ಲ. ಅಂದಿನಿಂದ ಬೆಳಗಿನ ಎಳೆಬಿಸಿಲನ್ನು ಬೆನ್ನಿಗಿಟ್ಟುಕೊಂಡು ಕೂರುತ್ತೇನೆ. ಚಿಟ್ ಚಿಟ್ ಎಂಬ ಸದ್ದು ಮೊದಲು ಕಿವಿಗೆ ಬೀಳುತ್ತದೆ. ಹಕ್ಕಿ ದಿನವೂ ಬಂದು ಕೂರುವ ಕಡ್ಡಿಗೆ ಫೋಕಸ್ ಮಾಡಿಟ್ಟು, ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಏರಿಸಿ, ಅದು ಕತ್ತು ಹೊರಳಿಸುವ ತನಕ ಕಾಯುವುದಷ್ಟೇ ನನ್ನ ಕೆಲಸ.

ಕಾಯುವಾಗ ಅದರ ಕಳ್ಳತನವೂ ಕಂಡಿತು. ದಾಸವಾಳದ ಬುಡವನ್ನು ಹೊರಗಿನಿಂದಲೇ ಚುಚ್ಚಿ, ಪರಾಗವನ್ನು ಮುಟ್ಟದೆ ಮಕರಂದ ಹೀರಿಬಿಡುತ್ತದೆ. ಮಾವಿನ ಮರಕ್ಕೆ ಅಂಟಿ ಅದರ ಸಾರ ಹೀರಿ ಬದುಕುವ ಬಂದಳಿಕೆಯ ಹೂವಿಗೆ ಮಾತ್ರ ಪರಾಗಸ್ಪರ್ಶ ಮಾಡಿಕೊಡುತ್ತದೆ. ತೋಟದವರಿಗೆ ಇದು ಅಷ್ಟೇನೂ ಸಂತೋಷದ ಸುದ್ದಿಯಲ್ಲ.

ಒಂದು ಬೇಸಿಗೆಯಲ್ಲಿ ಹೆಣ್ಣು ನಮ್ಮ ಜಗಲಿಯ ಬಟ್ಟೆ ಒಣಗಿಸುವ ತಂತಿಗೇ ಗೂಡು ನೇಯಿತು. ಜೇಡರ ಬಲೆ, ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ ಸೇರಿಸಿ ಕಟ್ಟಿದ ಆ ಚೀಲ ನೋಡಿದವರಿಗೆ ಕಸ ಸಿಕ್ಕಿಕೊಂಡಂತೆ. ಪಕ್ಕದ ಕಂಡಿಯ ಮೇಲೆ ಮಾತ್ರ ಪುಟ್ಟದೊಂದು ಸೂರು. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ಎಲೆ ಕೀಳುವವರನ್ನು ಕಂಡಿದ್ದೇನೆ. ಮರೆ ಹೋದ ಗೂಡು ಕಾಗೆಯ ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಬೇಡ. ಮರಿಗಳು ಹಾರಿಹೋಗುವವರೆಗೆ ನಾವು ಬಟ್ಟೆಯನ್ನು ಹಿತ್ತಲಲ್ಲಿ ಒಣಗಿಸಿದೆವು, ನಾನು ಕಿಟಕಿಯ ಒಳಗೇ ಉಳಿದೆ.

ಈಗ ನಮ್ಮ ಗೋಡೆಯ ಮೇಲೆ ಎರಡು ಚಿತ್ರಗಳಿವೆ, ಒಂದರಲ್ಲಿ ಕಪ್ಪು ಕೊರಳು, ಇನ್ನೊಂದರಲ್ಲಿ ನೇರಳೆ. ಅದೇ ಕಡ್ಡಿ, ಅದೇ ಹಕ್ಕಿ, ನಡುವೆ ಒಂದು ಕ್ಷಣದ ಅಂತರ. ಮನೆಗೆ ಬಂದವರು ಎರಡನೆಯ ಹಕ್ಕಿಯ ಹೆಸರೇನೆಂದು ಕೇಳುತ್ತಾರೆ.